ಮಣ್ಣಿನ ಪರೀಕ್ಷೆ ಮಕ್ಕಳಿಗೂ ಇರಲಿ

ಸೈಟು ಕೊಳ್ಳಲು ಹೋದವರು ಕೇಳುವುದು ಏನನ್ನು? ರಸ್ತೆ ಎಷ್ಟು ಅಡಿ, ಬಸ್ ಸ್ಟಾಂಡ್ ಎಷ್ಟು ದೂರ, ಖಾತೆ ಆಗಿದೆಯೋ ಇಲ್ಲವೋ, ಮೂಲೆ ಸೈಟೋ ನಡುವಿನದೋ. ಕೆಳಗಿನ ಮಣ್ಣು ಎಂಥದ್ದು ಅಂತ ಕೇಳುವವರು ಅಪರೂಪ. ಗೋಡೆ ಬಿರುಕು ಬಿಟ್ಟ ಮೇಲೆ, ಮಳೆಗಾಲದಲ್ಲಿ ಪಾಯಿಖಾನೆ ಗುಂಡಿ ಉಕ್ಕಿದ ಮೇಲೆ ಮೇಸ್ತ್ರಿ ಬಂದು, ‘ಎರೆ ಭೂಮಿ ಕಣ್ರೀ, ಹಿಂಗೇ ಆಗೋದು’ ಅನ್ನುತ್ತಾನೆ. ದುಡ್ಡು ಕೊಟ್ಟಾಗಿದೆ, ಮನೆ ಕಟ್ಟಾಗಿದೆ. ಇನ್ನು ತಿಳಿದು ಏನು ಫಲ?

ಇದೇ ಮಾತನ್ನು ಹೈಸ್ಕೂಲ್ ಹುಡುಗ ಹುಡುಗಿಯರು ಪಾಯ ತೋಡುವ ಮೊದಲೇ ಹೇಳಬಲ್ಲರು. ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ 1952ರಿಂದ ನಡೆದುಬಂದಿರುವ ರಾಷ್ಟ್ರಮಟ್ಟದ ಸ್ಪರ್ಧೆಯೊಂದು ಅದನ್ನೇ ಕಲಿಸುತ್ತದೆ. ಹಾಡಿನ ಸ್ಪರ್ಧೆ ಅಲ್ಲ, ಓಟದ ಸ್ಪರ್ಧೆ ಅಲ್ಲ. ಮಣ್ಣು ನೋಡಿ ನೆಲದ ಯೋಗ್ಯತೆ ಹೇಳುವ ಸ್ಪರ್ಧೆ. ನಾನಾ ರಾಜ್ಯಗಳಲ್ಲಿ ಗೆದ್ದ ತಂಡಗಳು ಅಲ್ಲಿಗೆ ಬರುತ್ತವೆ. ಯಾವ ಹೊಲದಲ್ಲಿ ಪರೀಕ್ಷೆ ಎಂಬುದನ್ನು ಆ ದಿನ ಬೆಳಗಿನವರೆಗೂ ಗುಟ್ಟಾಗಿ ಇಡುತ್ತಾರೆ. ಗೈಡು ಬಾಯಿಪಾಠ ಮಾಡಿ ಬಂದವನಿಗೆ ಅಲ್ಲಿ ಕೆಲಸವಿಲ್ಲ.

ಹೊಲದಲ್ಲಿ ಗುಂಡಿ ತೋಡಿ ಬಿಟ್ಟಿರುತ್ತಾರೆ. ಮಕ್ಕಳು ಮಣ್ಣು ತೆಗೆದು, ನೀರು ಹಾಕಿ, ರೊಟ್ಟಿ ಹಿಟ್ಟಿನ ಹಾಗೆ ನಾದುತ್ತಾರೆ. ಹೆಬ್ಬೆರಳು ತೋರುಬೆರಳಿನ ಮಧ್ಯೆ ಒತ್ತಿ ಪಟ್ಟಿ ಎಳೆಯುತ್ತಾರೆ. ಪಟ್ಟಿ ಒಂದಂಗುಲಕ್ಕೆ ಮೊದಲೇ ಮುರಿದರೆ ಹಗುರ ಮಣ್ಣು, ಎರಡಂಗುಲ ದಾಟಿದರೂ ಮುರಿಯದಿದ್ದರೆ ಜೇಡಿ. ಬಣ್ಣ ನೋಡುತ್ತಾರೆ. ಕೆಂಪಿದ್ದರೆ ಸಾಮಾನ್ಯವಾಗಿ ನೀರು ಬಸಿದು ಹೋಗುತ್ತದೆ, ಬೂದು ಬಣ್ಣದ ಕಲೆ ಇದ್ದರೆ ಅಲ್ಲಿ ನೀರು ನಿಂತಿದೆ ಅಂತ ಅರ್ಥ. ಮಣ್ಣಿನ ಆಳ, ನೆಲದ ಇಳಿಜಾರು, ಮೇಲ್ಮಣ್ಣು ಎಷ್ಟು ಕೊಚ್ಚಿಹೋಗಿದೆ ಎಲ್ಲವನ್ನೂ ಚೀಟಿಯಲ್ಲಿ ಗುರುತು ಹಾಕುತ್ತಾರೆ.

ಆಮೇಲೆ ತೀರ್ಪು. ಅಲ್ಲಿನ ಲೆಕ್ಕದಲ್ಲಿ ನೆಲಕ್ಕೆ 8 ದರ್ಜೆ. ಮೊದಲ 4 ದರ್ಜೆಯವು ಬೇಸಾಯಕ್ಕೆ, ಉಳಿದ 4 ಹುಲ್ಲುಗಾವಲಿಗೆ, ಕಾಡಿಗೆ, ಪ್ರಾಣಿ ಪಕ್ಷಿಗಳಿಗೆ. ಇಂಥ ನೆಲಕ್ಕೆ ಬದು ಹಾಕಬೇಕೋ, ಇಳಿಜಾರಿಗೆ ಅಡ್ಡವಾಗಿ ಉಳಬೇಕೋ, ಹುಲ್ಲಿಗೆ ಬಿಡಬೇಕೋ ಅಂತಲೂ ಬರೆಯಬೇಕು. ಇನ್ನೊಂದು ವಿಭಾಗವಂತೂ ಬರೀ ಮನೆ ನಿವೇಶನದ್ದು. ಈ ಮಣ್ಣು ಪಾಯ ತಡೆಯುತ್ತದೆಯೇ, ಸೆಪ್ಟಿಕ್ ಟ್ಯಾಂಕಿನ ನೀರು ಇಲ್ಲಿ ಇಂಗುತ್ತದೆಯೇ ಎಂಬುದೇ ಪ್ರಶ್ನೆ. ತಜ್ಞರು ಮೊದಲೇ ಬರೆದಿಟ್ಟ ಉತ್ತರಕ್ಕೆ ಹೋಲಿಸಿ ಅಂಕ ಕೊಡುತ್ತಾರೆ.

ಅಮೆರಿಕನ್ನರು ಇದನ್ನು ಹುಡುಗಾಟಕ್ಕೆ ಶುರು ಮಾಡಲಿಲ್ಲ, ಪೆಟ್ಟು ತಿಂದು ಕಲಿತರು. ಹುಲ್ಲುಗಾವಲಾಗಿ ಇರಬೇಕಿದ್ದ ಬಯಲನ್ನು ಗೋಧಿಯ ಆಸೆಗೆ ಉತ್ತು ಹಾಕಿದರು. 1930ರ ದಶಕದಲ್ಲಿ ಬರ ಬಂತು, ಗಾಳಿ ಎದ್ದಿತು, ಮೇಲ್ಮಣ್ಣು ಹಾರಿಹೋಯಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಗೆ ಹಗಲೇ ಕತ್ತಲಾಯಿತು. ಆ ದಿನಕ್ಕೆ ‘ಕಪ್ಪು ಭಾನುವಾರ’ ಎಂದೇ ಹೆಸರು. ಒಕ್ಲಹೋಮದಿಂದ ಸಂಸಾರ ಸಂಸಾರವೇ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯದ ಹಾದಿ ಹಿಡಿದವು. ಅದೇ ತಿಂಗಳು ಅಲ್ಲಿನ ಸರ್ಕಾರ ಮಣ್ಣು ಸಂರಕ್ಷಣೆಯ ಕಾಯ್ದೆ ತಂದಿತು. ಕಾಯ್ದೆಯೊಂದೇ ಸಾಲದು, ಮಣ್ಣಿನ ಗುಣ ಮಕ್ಕಳ ಕೈಗೇ ತಿಳಿಯಬೇಕು ಎಂಬ ಬುದ್ಧಿ ಮುಂದೆ ಅದೇ ಒಕ್ಲಹೋಮದಲ್ಲಿ ಸ್ಪರ್ಧೆಯ ರೂಪ ತಾಳಿತು. ಕಾಲೇಜು ಹುಡುಗರಿಗೂ 1961ರಿಂದ ರಾಷ್ಟ್ರಮಟ್ಟದ ಸ್ಪರ್ಧೆ ಬಂತು. 2014ರಲ್ಲಿ ದಕ್ಷಿಣ ಕೊರಿಯದ ಜೇಜುವಿನಲ್ಲಿ, ವಿಶ್ವ ಮಣ್ಣು ವಿಜ್ಞಾನ ಸಮ್ಮೇಳನದ ಹೊತ್ತಿಗೆ, ಅಂತರರಾಷ್ಟ್ರೀಯ ಸ್ಪರ್ಧೆಯೇ ನಡೆಯಿತು.

ದೂರದ ದೇಶದ ಕಥೆ ಇಲ್ಲಿ ಯಾಕೆ ಅನ್ನುವವರು ಇದ್ದಾರೆ. 1964ರಲ್ಲಿ ಹುಟ್ಟಿದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಅಮೆರಿಕದ ಮಾದರಿಯಲ್ಲೇ ಕಟ್ಟಿದ್ದು, ಟೆನೆಸಿ ವಿಶ್ವವಿದ್ಯಾನಿಲಯ ಅದಕ್ಕೆ ನೆರವಾಗಿತ್ತು. ದೊಡ್ಡವರ ವಿದ್ಯೆಯನ್ನು ಅಲ್ಲಿಂದ ತಂದಾಗ, ಮಕ್ಕಳ ಗುಂಡಿ ಪರೀಕ್ಷೆಯನ್ನು ತರಲು ಅಡ್ಡಿ ಏನು?

ಹಾಗೆ ನೋಡಿದರೆ ಈ ವಿದ್ಯೆ ಇಲ್ಲಿಗೆ ಹೊಸದೂ ಅಲ್ಲ. ಎರೆ, ಮಸಾರಿ, ಕೆಬ್ಬೆ, ಗರಸು, ಸವಳು ಅಂತ ಮಣ್ಣಿಗೆ ಹೆಸರಿಟ್ಟವರು ಹಳ್ಳಿಯವರೇ. ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಅಂತ ಒಂದು ಕಲಂ ಇದೆ. ಸಾಲಕ್ಕೆ, ಭಾಗಕ್ಕೆ, ಕ್ರಯಕ್ಕೆ ಪಹಣಿ ತೆಗೆಸುವವರು ಹೆಸರು ನೋಡುತ್ತಾರೆ, ಎಕರೆ ಗುಂಟೆ ನೋಡುತ್ತಾರೆ. ಆ ಕಲಮಿನ ಮೇಲೆ ಕಣ್ಣು ಹಾಯಿಸುವವರು ಎಷ್ಟು ಜನ? 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ತಂದಿತು. ಒಳ್ಳೆಯದೇ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸೇರಿ 12 ಅಂಶಗಳ ಲೆಕ್ಕ ಇರುತ್ತದೆ. ಎಷ್ಟು ಗೊಬ್ಬರ ಹಾಕಬೇಕು ಅಂತ ಚೀಟಿ ಹೇಳುತ್ತದೆ. ಇಳಿಜಾರಿನಲ್ಲಿ ಮಣ್ಣು ಕೊಚ್ಚಿಹೋಗುತ್ತಿದೆ, ಕೆಳಗೆ ನೀರು ಬಸಿಯುತ್ತಿಲ್ಲ, ಈ ನೆಲ ಭತ್ತಕ್ಕಲ್ಲ ಹುಲ್ಲಿಗೆ ಸರಿ ಅಂತ ಅದು ಹೇಳುವುದಿಲ್ಲ. ಅದಕ್ಕೆ ಗುಂಡಿಗೇ ಇಳಿಯಬೇಕು.

ಇಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ತುಂಗಭದ್ರಾ ಅಚ್ಚುಕಟ್ಟು ಸಾಕ್ಷಿ. ಕಾಲುವೆ ನೀರು ಬಂತು ಅಂತ ಭತ್ತದ ಮೇಲೆ ಭತ್ತ ಹಾಕಿದರು. ಎರೆ ಮಣ್ಣಲ್ಲಿ ನೀರು ಬಸಿಯಲಿಲ್ಲ. ಸಿಂಧನೂರು, ಗಂಗಾವತಿ ಕಡೆ ಎಷ್ಟೋ ಹೊಲ ಜವುಳಾಯಿತು, ಉಪ್ಪು ಮೇಲೆದ್ದು ಸವಳಾಯಿತು. ನೀರಿಲ್ಲದೆ ಕೆಟ್ಟ ನೆಲವಲ್ಲ ಅದು, ಮಣ್ಣು ನೋಡದೆ ನೀರು ಹರಿಸಿ ಕೆಟ್ಟ ನೆಲ.

ಪೇಟೆಯವರು ಇದು ರೈತರ ಪಂಚಾಯಿತಿ ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ. ಹೊಲ ಸವಳಾದರೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಸವಳೇ. ಸುಗ್ಗಿ ಕೈಕೊಟ್ಟ ವರ್ಷ ಬಟ್ಟೆ ಅಂಗಡಿಯ ದೀಪಾವಳಿ ಹೇಗಿರುತ್ತದೆ ಅಂತ ಗಲ್ಲಾಪೆಟ್ಟಿಗೆಯನ್ನೇ ಕೇಳಬೇಕು. ಬಸ್ಸಿನ ಕಿಟಕಿ ಪಕ್ಕ ಕೂತವರಿಗೂ ಕಾಣುತ್ತದೆ. ಮೊನ್ನೆ ಮೊನ್ನೆವರೆಗೆ ಜೋಳ, ಕಡಲೆ ಬೆಳೆಯುತ್ತಿದ್ದ ಒಳ್ಳೆಯ ಹೊಲದಲ್ಲಿ ಈಗ ಬಿಳಿ ಬಣ್ಣದ ಕಲ್ಲು ಸಾಲಾಗಿ ನಿಂತಿವೆ. ಏನೂ ಬೆಳೆಯದ ಗರಸು ದಿಬ್ಬ ಪಕ್ಕದಲ್ಲೇ ಖಾಲಿ ಬಿದ್ದಿದೆ. ಮನೆ ಕಟ್ಟಬೇಡಿ ಅಂತ ಯಾರೂ ಹೇಳುವುದಿಲ್ಲ. ಯಾವ ನೆಲ ಅನ್ನಕ್ಕೆ, ಯಾವ ನೆಲ ಸೂರಿಗೆ ಎಂದು ನೋಡಿ ಕಟ್ಟಿ ಎನ್ನುವುದಷ್ಟೇ ಮಾತು.

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಡ, ಮಂತ್ರಿಗಳ ಶಂಕುಸ್ಥಾಪನೆಯೂ ಬೇಡ. ಒಂದು ಸಲಿಕೆ, ಒಂದು ಕೊಡ ನೀರು, ಅಳತೆ ಟೇಪು, ಒಪ್ಪಿ ಜಾಗ ಕೊಡುವ ಒಬ್ಬ ರೈತ, ಕೃಷಿ ಇಲಾಖೆಯ ಒಬ್ಬ ಅಧಿಕಾರಿ ಸಾಕು. ಡಿಸೆಂಬರ್ 5 ವಿಶ್ವ ಮಣ್ಣು ದಿನ. ಆ ದಿನ ಭಾಷಣ, ಹಾರ, ಶಾಲುಗಳ ಬದಲು ತಾಲ್ಲೂಕಿಗೊಂದು ಗುಂಡಿ ತೋಡಿಸಿ ಹೈಸ್ಕೂಲ್ ಮಕ್ಕಳನ್ನು ಇಳಿಸಲಿ. ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಅರ್ಧ ದಿನದ ಕೆಲಸ. ಬಹುಮಾನದ ಕಪ್ಪನ್ನು ವರ್ತಕರ ಸಂಘದವರು ಕೊಟ್ಟರೆ ಅವರ ಗಂಟೇನೂ ಹೋಗದು.

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆಯನ್ನು ಮಕ್ಕಳಿಗೆ ಗೋಡೆ ಮೇಲೆ ಬರೆದು ಓದಿಸಿದ್ದಾಗಿದೆ. ಒಂದು ದಿನ ನಿಜವಾಗಿಯೂ ಕೈ ಕೆಸರಾಗಲಿ. ನಾಳೆ ಈ ಮಕ್ಕಳೇ ಸೈಟು ಕೊಳ್ಳುವವರು, ಸೈಟು ಮಂಜೂರು ಮಾಡುವವರು, ಕಾಲುವೆ ತೋಡಿಸುವವರು.