ದುಬೈಗೆ ಹೋದ್ರೂ ಜೆಟ್ ಲ್ಯಾಗಾ?

ನಮ್ಮ ಕಾಲೇಜಿನ ತಂಡಗಳು ಸ್ಪರ್ಧೆಗೆ ಅಂತ ದುಬೈಗೆ ಹೋದಾಗ ಮೊದಲ ದಿನ ಎಲ್ಲರೂ ತೂಕಡಿಸ್ತೀವಿ. ಯಾರಾದ್ರೂ ಕೇಳಿದ್ರೆ 'ಜೆಟ್ ಲ್ಯಾಗ್' ಅಂತೀವಿ. ಹೇಳೋಕೆ ಸ್ಟೈಲಾಗಿದೆ, ಸರಿ. ಆದರೆ ದುಬೈ ನಮಗಿಂತ ಹಿಂದಿರೋದು ಬರೀ ಒಂದೂವರೆ ಗಂಟೆ. ಹಾಸ್ಟೆಲಲ್ಲಿ ರಾತ್ರಿ 2ಕ್ಕೆ ಮಲಗುವ ನಮಗೆ ಅಲ್ಲಿ 12.30ಕ್ಕೇ ನಿದ್ದೆ ಬರುತ್ತೆ. ನೋಡಿದವರು ಹುಡುಗರು ಸುಧಾರಿಸಿದ್ರು ಅಂದ್ಕೋಬೇಕು!

ಪಶ್ಚಿಮಕ್ಕೆ ಹಾರಿದರೆ ದಿನ ಉದ್ದವಾಗುತ್ತೆ. ದೇಹದ ಗಡಿಯಾರಕ್ಕೆ ಅದೇ ಇಷ್ಟ. ಬೆಳಕಿನ ಸುಳಿವೇ ಸಿಗದೆ ತನ್ನಷ್ಟಕ್ಕೆ ಓಡಿದರೆ ಅದರ ಒಂದು ಸುತ್ತು ಸರಾಸರಿ 24 ಗಂಟೆ 10 ನಿಮಿಷದಷ್ಟು ಇರುತ್ತೆ. ಅದಕ್ಕೇ ತಡವಾಗಿ ಮಲಗೋದು ಸುಲಭ, ಬೇಗ ಮಲಗೋದು ಕಷ್ಟ. (ಅಮ್ಮಂದಿರು ಇದನ್ನ ಒಪ್ಪಲ್ಲ.) ಒಂದೂವರೆ ಗಂಟೆಯ ಫೇಸ್ ಶಿಫ್ಟ್ ಒಂದೆರಡು ದಿನದಲ್ಲಿ ತಾನೇ ಸರಿಹೋಗುತ್ತೆ.

ಹಾಗಾದ್ರೆ ಸುಸ್ತು ಎಲ್ಲಿಂದ ಬಂತು? ಟಿಕೆಟ್ಟಿನಿಂದ. ದುಡ್ಡು ಉಳೀತು ಅಂತ ಬೆಳಗಿನ ಜಾವ 4ರ ವಿಮಾನ ಬುಕ್ ಮಾಡ್ತೀವಿ. ಅದಕ್ಕೆ ರಾತ್ರಿ 11ಕ್ಕೇ ದೇವನಹಳ್ಳಿ ದಾರಿ ಹಿಡಿಯಬೇಕು. ಆಮೇಲೆ ಚೆಕ್‌ಇನ್, ಇಮಿಗ್ರೇಶನ್, ಗೇಟಿನ ಮುಂದಿನ ಕುರ್ಚಿ. ನಾಲ್ಕು ಗಂಟೆ ಹಾರಾಟದಲ್ಲಿ ಊಟದ ಟ್ರಾಲಿ ಕಳೆದು ಉಳಿಯೋ ನಿದ್ದೆ ಎಷ್ಟು? ಅಲ್ಲಿ ಇಳಿದಾಗ ಬೆಳಗ್ಗೆ 6.30. ರೂಮು ಸಿಗೋದು ಮಧ್ಯಾಹ್ನ. ಅದೇ ದಿನ ಡೆಮೊ! ಆರು ತಿಂಗಳು ಕೂತು ಮಾಡಿದ ಪ್ರಾಜೆಕ್ಟನ್ನು ನಿದ್ದೆಗೆಟ್ಟ ಕಣ್ಣಲ್ಲಿ ವಿವರಿಸ್ತೀವಿ. ಇದು ಜೆಟ್ ಲ್ಯಾಗ್ ಅಲ್ಲ, ಒಂದು ಪೂರ್ತಿ ರಾತ್ರಿಯ ಸಾಲ.

ಅದಕ್ಕೇ ಟಿಕೆಟ್ ಬುಕ್ ಮಾಡೋ ಗೆಳೆಯರಲ್ಲಿ ನಮ್ಮ ಒತ್ತಾಯ ಇದು: ಸ್ವಲ್ಪ ದುಬಾರಿ ಆದ್ರೂ ಹಿಂದಿನ ದಿನದ ಹಗಲಿನ ವಿಮಾನ ನೋಡಿ. ಟೀ ಶರ್ಟ್ ಪ್ರಿಂಟಿಗೆ ಖರ್ಚು ಮಾಡೋ ಕ್ಲಬ್‌ಗೆ ಇದು ಆಗದ ಮಾತಲ್ಲ.

ರಾತ್ರಿ ವಿಮಾನ ತಪ್ಪೋದೇ ಇಲ್ಲ ಅಂದ್ರೆ, ಇಳಿದ ದಿನ ಇಪ್ಪತ್ತು ನಿಮಿಷದ ಕೋಳಿನಿದ್ದೆ ಸಾಕು. ಮೂರು ಗಂಟೆ ಬಿದ್ಕೊಂಡ್ರೆ ರಾತ್ರಿ ಗೂಬೆ ಆಗ್ತೀವಿ. ಸಂಜೆ ಬಿಸಿಲಲ್ಲಿ ಓಡಾಡಿ, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಮಾರನೇ ದಿನ ಬೇಗ ಎಚ್ಚರ ಆದ್ರೆ ಗಾಬರಿಯಾಗದೆ ಸ್ಲೈಡ್ಸ್ ತಿದ್ದಿ.

ವಾಪಸ್ ಬಂದಾಗ ಮಾತ್ರ ಲೆಕ್ಕ ಉಲ್ಟಾ. 8ರ ಕ್ಲಾಸು ದೇಹಕ್ಕೆ 6.30ರ ಕ್ಲಾಸು. ಆ ಒಂದು ದಿನದ ಅಟೆಂಡೆನ್ಸ್ ಬಗ್ಗೆ ಹೋಗೋ ಮೊದಲೇ ಎಚ್‌ಓಡಿ ಹತ್ರ ಮಾತಾಡಿಬಿಡೋಣ.