ವರದಿ ಸಹಜವೆಂದು ಮಾತ್ರೆ ಬಿಡಬೇಡಿ
ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಂಥ ಊರಿಗೆ ಮರಳುವ ಹಿರಿಯರಿಗೆ ನಿಜವಾದ ಪರೀಕ್ಷೆ ಎದುರಾಗುವುದು ಆನಂತರ. ಕೊಲೆಸ್ಟರಾಲ್ ‘ಸಹಜ’ ಎಂಬ ವರದಿ ಕೈಸೇರಿದೊಡನೆ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸುವವರುಂಟು. ಇದು ಅಪಾಯಕಾರಿ. ಆ ಅಂಕಿ ಇಳಿದಿರುವುದೇ ಮಾತ್ರೆಯಿಂದ. ಮೇಲಾಗಿ, ವರದಿಯಲ್ಲಿ ಮುದ್ರಿತವಾಗುವ 100ರ ಗಡಿ ಆರೋಗ್ಯವಂತರಿಗೆ. ಹೃದ್ರೋಗದ ಜೊತೆಗೆ ಮಧುಮೇಹವೂ ಇರುವವರಲ್ಲಿ ಎಲ್‌ಡಿಎಲ್ ಪ್ರಮಾಣ ಡೆಸಿಲೀಟರ್‌ಗೆ 55 ಮಿಲಿಗ್ರಾಂಗಿಂತ ಕೆಳಗಿರಬೇಕೆಂದು ಯೂರೋಪಿನ ಹೃದ್ರೋಗ ತಜ್ಞರ ಸಂಘ 2019ರಲ್ಲೇ ಸೂಚಿಸಿದೆ.

ಕೊಲೆಸ್ಟರಾಲ್ ಒಂದೇ ಶತ್ರುವಲ್ಲ. ಅದನ್ನು ಇಳಿಸದೆ ಉರಿಯೂತವನ್ನಷ್ಟೇ ತಗ್ಗಿಸಿದರೂ ಹೃದಯಾಘಾತಗಳು ಕಡಿಮೆಯಾಗುತ್ತವೆ ಎಂಬುದನ್ನು 2017ರ ಕ್ಯಾಂಟೋಸ್ ಅಧ್ಯಯನ ತೋರಿಸಿಕೊಟ್ಟಿತು. ಉರಿಯೂತದ ಸುಳಿವು ನೀಡುವುದು ಸಿಆರ್‌ಪಿ ಪರೀಕ್ಷೆ. ಆದರೆ ಜ್ವರ, ವಸಡಿನ ಸೋಂಕು ಇದ್ದಾಗಲೂ ಅದು ಏರುವುದರಿಂದ ಒಂದೇ ವರದಿಯನ್ನು ನೆಚ್ಚುವಂತಿಲ್ಲ. ಎಲ್‌ಡಿಎಲ್ ನಿಯಂತ್ರಣಕ್ಕೆ ಅದು ಪೂರಕವೇ ಹೊರತು ಪರ್ಯಾಯವಲ್ಲ.

ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆ ಮಧುಮೇಹ, ರಕ್ತದೊತ್ತಡದ ತಪಾಸಣೆಯನ್ನು ಮನೆಬಾಗಿಲಿಗೆ ಒಯ್ದಿತು. ಹೃದ್ರೋಗಿ ಹಿರಿಯರ ಎಲ್‌ಡಿಎಲ್ ಪರೀಕ್ಷೆ ಹಾಗೂ ಸ್ಟ್ಯಾಟಿನ್ ಮಾತ್ರೆಯ ನಿರಂತರ ಪೂರೈಕೆಯ ಹೊಣೆಯನ್ನೂ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರ ಹೊರಬೇಕು. ಸ್ಟೆಂಟಿಗೆ ಅಪಾರ ವೆಚ್ಚ ಮಾಡಿ, ಅಗ್ಗದ ಮಾತ್ರೆಗೆ ಕೈಬಿಗಿ ಹಿಡಿಯುವುದು ವಿವೇಕವಲ್ಲ.