‘ಸರ್ವರ್ ಇಲ್ಲ’

‘ಸರ್ವರ್ ಇಲ್ಲ’ ಎಂಬ ವಾಕ್ಯದಷ್ಟು ಇಂದು ಕನ್ನಡ ನಾಡಿನ ಮೂಲೆಮೂಲೆಯಲ್ಲಿ ಬಳಕೆಯಲ್ಲಿರುವ ವಾಕ್ಯ ಮತ್ತೊಂದು ಇರಲಾರದು. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಲು ನಿಂತ ಮುದುಕಿಯೂ, ನೋಂದಣಿ ಕಚೇರಿಯ ಬೆಂಚಿನ ಮೇಲೆ ಬೆಳಗಿನಿಂದ ಕುಳಿತ ರೈತನೂ, ಪರೀಕ್ಷೆಯ ಶುಲ್ಕ ಕಟ್ಟಲು ಬಂದ ವಿದ್ಯಾರ್ಥಿಯೂ ಈ ಮಾತನ್ನು ಕೇಳಿ ಮರುಮಾತಿಲ್ಲದೆ ಹಿಂದಿರುಗುತ್ತಾರೆ. ವ್ಯಾಕರಣದ ಪಾಠ ಹೇಳುವವನಾದ ನನಗೆ ಈ ವಾಕ್ಯದ ರಚನೆಯಲ್ಲಿಯೇ ಒಂದು ಕುತೂಹಲ. ‘ಮಳೆಯಿಲ್ಲ’, ‘ಗಾಳಿಯಿಲ್ಲ’ ಎಂಬ ಜಾತಿಗೆ ಸೇರಿದುದು ಇದು. ಮಾಡಿದವನಾಗಲಿ ಮಾಡಬೇಕಾದವನಾಗಲಿ ಇದರೊಳಗೆ ಇಲ್ಲ. ‘ಗುಮಾಸ್ತರು ಬಂದಿಲ್ಲ’ ಎಂದಿದ್ದರೆ ಏಕೆ ಬಂದಿಲ್ಲವೆಂದು ಯಾರಾದರೂ ಕೇಳಿಯಾರು. ಸರ್ವರ್ ಇಲ್ಲವೆಂದ ಮೇಲೆ ಆಕಾಶದತ್ತ ನೋಡುವುದೊಂದೇ ದಾರಿ.

ಸರ್ವರ್ ಆಕಾಶದಲ್ಲಿಲ್ಲವಷ್ಟೆ. ಎಲ್ಲಿಯೋ ಒಂದು ತಣ್ಣನೆಯ ಕೋಣೆಯಲ್ಲಿ, ಕಬ್ಬಿಣದ ಚೌಕಟ್ಟಿನೊಳಗೆ ಕುಳಿತು, ಬೇರೆ ಯಂತ್ರಗಳು ಕೇಳಿದುದನ್ನು ಒದಗಿಸುವ ಗಣಕಯಂತ್ರ ಅದು. ಅದು ನಿಂತಾಗ, ಏಕೆ ನಿಂತಿತೆಂದು ಕಂಡುಹಿಡಿದು ಮತ್ತೆ ನಡೆಯಿಸುವ ಮನುಷ್ಯನೊಬ್ಬನಿದ್ದಾನೆ. ‘ಸಿಸ್ಟಂ ಅಡ್ಮಿನಿಸ್ಟ್ರೇಟರ್’ ಎಂದು ಅವನ ಹುದ್ದೆಯ ಹೆಸರು, ಬಾಯಿಮಾತಿನಲ್ಲಿ ‘ಅಡ್ಮಿನ್’. ನಾನು ವಾಸವಾಗಿರುವ ಕಮ್ಮನಹಳ್ಳಿಗೆ ನಾಗವಾರದ ಮಾನ್ಯತಾ ಟೆಕ್ ಪಾರ್ಕು ದೂರವಲ್ಲವಾದುದರಿಂದ ಇಂಥವರು ನಮ್ಮ ಬೀದಿಗಳಲ್ಲಿ ಹೇರಳವಾಗಿದ್ದಾರೆ. ರಾತ್ರಿ ಎರಡು ಗಂಟೆಗೆ ಯಾವುದಾದರೂ ಮಹಡಿಯ ಕಿಟಕಿಯಲ್ಲಿ ದೀಪ ಉರಿಯುತ್ತಿದ್ದರೆ, ಹಿಂದಿನ ಕಾಲದಲ್ಲಿ ಪರೀಕ್ಷೆಗೆ ಓದುವ ಹುಡುಗನೆಂದು ಊಹಿಸಬಹುದಾಗಿತ್ತು. ಈಗ, ಬೇರೊಂದು ಖಂಡದಲ್ಲಿ ಕೆಟ್ಟು ನಿಂತ ಯಂತ್ರವನ್ನು ಇಲ್ಲಿಂದಲೇ ಎಬ್ಬಿಸುತ್ತಿರುವವನೆಂದು ತಿಳಿಯಬೇಕು. ಅವನೂ ಓದುತ್ತಿಯೇ ಇರುತ್ತಾನೆ ಎಂಬುದು ನನ್ನ ಮಾತಿನ ತಿರುಳು.

ಒಂದು ಪ್ರಸಂಗವನ್ನು ಹೇಳುತ್ತೇನೆ. ನಮ್ಮ ಕಾಲೇಜಿನ ಕನ್ನಡ ವಿಭಾಗದಲ್ಲಿ ಹಳೆಯ ಗಣಕಯಂತ್ರವೊಂದನ್ನು ಸರ್ವರನ್ನಾಗಿ ಮಾಡಿ, ಪ್ರೌಢ ಪ್ರಬಂಧಗಳು, ಹಳೆಯ ಪತ್ರಿಕೆಗಳ ಪುಟಚಿತ್ರಗಳು ಮೊದಲಾದುವನ್ನು ಅದರಲ್ಲಿ ಇರಿಸಿದ್ದೇವೆ. ಅದನ್ನು ನಡೆಸುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ. ಎಂದರೆ, ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ವ್ಯವಹಾರ ನಡೆಸುವ ಮೂಲ ತಂತ್ರಾಂಶ. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ೧೯೯೧ರಲ್ಲಿ ಇದನ್ನು ಆರಂಭಿಸಿ ಲೋಕಕ್ಕೆ ಬಿಟ್ಟುಕೊಟ್ಟನು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು.

ಈ ಸರ್ವರು ಒಂದು ಬೆಳಿಗ್ಗೆ ಯಾವ ಕಡತವನ್ನೂ ಸ್ವೀಕರಿಸದೆ ಹೋಯಿತು. ‘ಸ್ಥಳವಿಲ್ಲ’ ಎಂದು ಅದರ ಉತ್ತರ. ‘ಡಿಎಫ್’ ಎಂಬ ಆಜ್ಞೆಯಿತ್ತು ಅಳೆದು ನೋಡಿದರೆ ಡಿಸ್ಕಿನ ಅರ್ಧದಷ್ಟು ಭಾಗ ಬರಿದಾಗಿಯೇ ಇದೆ! ಒಂದೇ ಯಂತ್ರ, ಒಂದೇ ಗಳಿಗೆಯಲ್ಲಿ ಆಡಿದ ಎರಡು ಮಾತುಗಳು. ‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸಲಹೆ ನಾಲ್ಕು ಕಡೆಗಳಿಂದ ಬಂದಿತು. ಕಮ್ಮನಹಳ್ಳಿಯಲ್ಲೇ ಇರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ವೃತ್ತಿಯಿಂದ ಅಡ್ಮಿನ್, ಭಾನುವಾರ ಬಂದು ಯಂತ್ರದ ಮುಂದೆ ಕುಳಿತನು. ಬಹಳ ಹೊತ್ತು ಅವನು ಏನನ್ನೂ ಬದಲಿಸಲಿಲ್ಲ. ಸರ್ವರು ತನ್ನ ಪ್ರತಿಯೊಂದು ಕಾರ್ಯವನ್ನೂ ಗಂಟೆ ನಿಮಿಷಗಳೊಡನೆ ಬರೆದಿಡುವ ದಿನಚರಿಯುಂಟು. ಅದನ್ನು ಓದುತ್ತ ಹೋದನು. ಆ ಮೇಲೆ ಅವನು ಆಡಿದ ಮಾತು ನನಗೆ ಅಕ್ಷರಶಃ ನೆನಪಿದೆ: “ಸರ್, ಎರಡು ಮಾತೂ ನಿಜ ಇರ್ಬೇಕು. ಎರಡೂ ನಿಜ ಆಗೋದು ಹೇಗೆ ಅಂತ ನೋಡೋಣ.”

ಎರಡೂ ನಿಜವಾಗಿದ್ದುವು. ಡಿಸ್ಕಿನಲ್ಲಿ ಕಡತವೊಂದು ನೆಲೆಗೊಳ್ಳಬೇಕಾದರೆ ಸ್ಥಳ ಮಾತ್ರ ಸಾಲದು. ಅದರ ಹೆಸರಿಗೆ ಒಂದು ದಾಖಲೆಯೂ ಬೇಕು. ಇದನ್ನು ‘ಐನೋಡ್’ ಎನ್ನುತ್ತಾರೆ. ನಮ್ಮ ಸರ್ವರಿನಲ್ಲಿರುವ ಬಗೆಯ ವ್ಯವಸ್ಥೆಯಲ್ಲಿ ಇಂಥ ದಾಖಲೆಗಳು ಒಟ್ಟು ಎಷ್ಟೆಂಬುದು ಡಿಸ್ಕನ್ನು ಮೊದಲು ಅಣಿಗೊಳಿಸುವಾಗಲೇ ನಿಶ್ಚಯವಾಗಿಬಿಡುತ್ತದೆ. ಗ್ರಂಥಾಲಯದ ಬೀರುಗಳಲ್ಲಿ ಜಾಗವಿದ್ದು, ಪುಸ್ತಕಗಳನ್ನು ದಾಖಲಿಸುವ ರಿಜಿಸ್ಟರಿನ ಹಾಳೆ ಮುಗಿದುಹೋದರೆ ಹೇಗೋ ಹಾಗೆ. ಓದುಗರು ಒಂದೊಂದು ಸಲ ಬಂದುಹೋದಾಗಲೂ ತಂತ್ರಾಂಶವೊಂದು ಸಾಸಿವೆಯಷ್ಟು ಕಡತವನ್ನು ಬಿಟ್ಟು ಹೋಗುತ್ತಿದ್ದಿತು. ಅವು ಲಕ್ಷಗಟ್ಟಲೆ ಕೂಡಿ, ತೂಕವಿಲ್ಲದೆಯೇ ರಿಜಿಸ್ಟರನ್ನು ತುಂಬಿಬಿಟ್ಟಿದ್ದುವು. ಅವನ್ನು ಅಳಿಸಿ, ಪ್ರತಿದಿನವೂ ತಾನಾಗಿ ಗುಡಿಸುವಂತೆ ಒಂದು ಸಾಲಿನ ಆಜ್ಞೆಯನ್ನು ಬರೆದಿಟ್ಟು ಅವನು ಕಾಫಿ ಕುಡಿದು ಎದ್ದುಹೋದನು.

ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಎಂ.ಎ. ತರಗತಿಯಲ್ಲಿ ಓದಿದವರಿಗೆ ಈ ರೀತಿ ಅಪರಿಚಿತವೆನಿಸಲಾರದು. ಎರಡು ಓಲೆಗರಿಗಳಲ್ಲಿ ಎರಡು ಪಾಠಗಳಿದ್ದರೆ ನಾವು ಮಾಡುವುದೇನು? ಒಂದನ್ನು ತಪ್ಪೆಂದು ಕೂಡಲೆ ಹೊಡೆದುಹಾಕುವುದಿಲ್ಲ. ಇದು ಹೇಗೆ ಬಂದಿತು, ಲಿಪಿಕಾರನ ಕಣ್ಣು ಎಲ್ಲಿ ಜಾರಿತು, ಪಕಾರ ವಕಾರಗಳ ಹೋಲಿಕೆ ಮೋಸ ಮಾಡಿತೇ, ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳ ನಡುವಣ ಸಾಲು ಬಿಟ್ಟುಹೋಯಿತೇ ಎಂದು ವಿಚಾರಿಸುತ್ತೇವೆ. ದೋಷಕ್ಕೂ ಒಂದು ಚರಿತ್ರೆಯುಂಟು. ಅದನ್ನು ತಿಳಿಯದೆ ತಿದ್ದಿದರೆ ತಿದ್ದಿದುದೇ ಹೊಸ ದೋಷ. ಮೂಲ ಪ್ರತಿಯನ್ನು ಮುಟ್ಟಬಾರದು, ನಕಲನ್ನು ತೆಗೆದುಕೊಂಡೇ ಕೆಲಸ ಮಾಡಬೇಕು, ಒಂದು ಸಲಕ್ಕೆ ಒಂದೇ ತಿದ್ದುಪಡಿ, ತಿದ್ದಿದುದನ್ನೆಲ್ಲ ಅಡಿಟಿಪ್ಪಣಿಯಲ್ಲಿ ಕಾಣಿಸಬೇಕು ಎಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಇವುಗಳಲ್ಲಿ ಒಂದನ್ನೂ ಬಿಡದೆ ನನ್ನ ಶಿಷ್ಯನು ಪಾಲಿಸಿದನು. ಅವನು ಇವನ್ನು ನನ್ನ ತರಗತಿಯಲ್ಲಿ ಕಲಿತನೆಂದು ಹೇಳಿಕೊಳ್ಳುವ ಆಸೆ ನನಗುಂಟು. ಆದರೆ ಅವನು ಬಿ.ಎಸ್‌ಸಿ.ಯ ಹುಡುಗ, ನನ್ನಲ್ಲಿ ಓದಿದುದು ಭಾಷಾ ಪಾಠ ಮಾತ್ರ.

‘ರೀಸ್ಟಾರ್ಟ್ ಮಾಡಿ ನೋಡಿ’ ಎಂಬ ಸರ್ವರೋಗ ನಿವಾರಕ ಔಷಧದ ಮೇಲೆ ನನಗೆ ಕೋಪವಿರುವುದು ಈ ಕಾರಣದಿಂದಲೇ. ಅರ್ಥವಾಗದ ಪದವನ್ನು ಅರ್ಥವಾಗುವ ಪದದಿಂದ ಬದಲಿಸಿ ನಿಶ್ಚಿಂತನಾದ ಲಿಪಿಕಾರನ ಚಾಳಿ ಅದು. ಯಂತ್ರ ಮತ್ತೆ ನಡೆಯುತ್ತದೆ, ನಿಜ. ಅದರ ನೆನಪಿನಲ್ಲಿದ್ದ ಸಾಕ್ಷ್ಯವೂ ಅದರೊಡನೆಯೇ ಅಳಿದುಹೋಗಿ, ರೋಗ ಮಾತ್ರ ಒಳಗೇ ಉಳಿಯುತ್ತದೆ. ಆಸ್ಪತ್ರೆಯ ಸರ್ವರು ನಿಂತು ರೋಗಿಗಳು ಕಾಯುತ್ತಿರುವಾಗ ಯಾರೂ ಪಾಠಾಂತರಗಳನ್ನು ಚರ್ಚಿಸುತ್ತ ಕೂರಬೇಕಾಗಿಲ್ಲ, ಒಪ್ಪುತ್ತೇನೆ. ಅವಸರವಿಲ್ಲದ ಕಡೆಯೂ ಅದೇ ಅಭ್ಯಾಸವಾಗಿರುವುದು ಖೇದದ ಸಂಗತಿ.

ಓದುವವನ ಕಣ್ಣು ಏನು ಮಾಡಬಲ್ಲದೆಂಬುದಕ್ಕೆ ಈಚಿನ ನಿದರ್ಶನವೊಂದಿದೆ. ೨೦೨೪ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞನು ಬೇರಾವುದೋ ಅಳತೆಯಲ್ಲಿ ತೊಡಗಿದ್ದಾಗ, ಯಂತ್ರದೊಳಕ್ಕೆ ಪ್ರವೇಶಿಸಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಗಮನಿಸಿದನು. ಅರ್ಧ ಸೆಕೆಂಡು! ಬೇರೊಬ್ಬನಾಗಿದ್ದರೆ ಉಪೇಕ್ಷಿಸುತ್ತಿದ್ದನು. ಅವನು ಅದರ ಜಾಡು ಹಿಡಿದು ಹೊರಟು, ಲಿನಕ್ಸಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶವನ್ನು ತಲಪಿದನು. ಎರಡು ವರ್ಷಕ್ಕೂ ಮಿಕ್ಕಿ ಸಹಾಯಕನಂತೆ ದುಡಿದು ವಿಶ್ವಾಸ ಗಳಿಸಿದ ಒಬ್ಬಾತ ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟಿದ್ದನು. ಬಿಡುಗಡೆಯಾದ ಪ್ರತಿಯಲ್ಲಿದ್ದ ಒಂದು ಭಾಗ ಎಲ್ಲರೂ ನೋಡುವ ಮೂಲ ಭಂಡಾರದ ಪ್ರತಿಯಲ್ಲಿ ಇರಲಿಲ್ಲ. ಎರಡನ್ನೂ ಹೋಲಿಸಿದಾಗಲೇ ಅದು ಹೊರಬಿದ್ದಿತು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪ್ರಕ್ಷೇಪವೆಂದು ಹೆಸರು. ಪ್ರಯೋಗಾವಸ್ಥೆಯ ಆವೃತ್ತಿಗಳನ್ನು ದಾಟಿ ಲೋಕದ ಸರ್ವರುಗಳಿಗೆಲ್ಲ ಹರಡುವ ಮೊದಲೇ ಅದು ಸಿಕ್ಕಿಬಿದ್ದಿತು.

ಅದೇ ವರ್ಷದ ಜುಲೈ ೧೯ರಂದು ಇದಕ್ಕೆ ತದ್ವಿರುದ್ಧವಾದುದು ನಡೆಯಿತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ೮೫ ಲಕ್ಷ ವಿಂಡೋಸ್ ಯಂತ್ರಗಳು ಕುಸಿದುವು; ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟುದನ್ನು ವಾಚಕರು ಮರೆತಿರಲಾರರು. ಕಳುಹಿಸಿದವರು ಒಂದೂವರೆ ಗಂಟೆಯೊಳಗಾಗಿ ಕಡತವನ್ನು ಹಿಂತೆಗೆದುಕೊಂಡರು. ಆದರೆ ಬಿದ್ದ ಯಂತ್ರಗಳನ್ನು ಎಬ್ಬಿಸಲು, ಬಹುಮಟ್ಟಿಗೆ, ಒಬ್ಬೊಬ್ಬ ಮನುಷ್ಯ ಒಂದೊಂದು ಯಂತ್ರದ ಮುಂದೆ ಹೋಗಿ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು.

ಇದೆಲ್ಲ ಸರಿ, ಕನ್ನಡ ಮೇಷ್ಟರಿಗೆ ಏಕೆ ಈ ಉಪದ್ವ್ಯಾಪ ಎಂದು ಮಿತ್ರರು ಕೇಳುತ್ತಾರೆ. ನಮ್ಮ ವಿಭಾಗದ ಸರ್ವರಿನಲ್ಲಿರುವ ಪ್ರಬಂಧಗಳನ್ನು ತೆರೆದು ತೋರಿಸುವುದೇ ನನ್ನ ಉತ್ತರ. ಕೆ. ಪಿ. ರಾಯರು ಕನ್ನಡದ ಧ್ವನಿಗೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟರು. ಶೇಷಾದ್ರಿವಾಸು ಅವರ ‘ಬರಹ’ ೧೯೯೮ರಲ್ಲಿ ಬಂದಿತು, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಇವು ಇಲ್ಲದಿದ್ದರೆ ನಮ್ಮ ತಲೆಮಾರು ಯಂತ್ರದಲ್ಲಿ ಕನ್ನಡವನ್ನು ಬರೆಯುತ್ತಲೇ ಇರಲಿಲ್ಲ. ಆದರೆ ಅಂದಿನ ಅಕ್ಷರವಿನ್ಯಾಸಗಳಲ್ಲಿ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ತೊಡಿಸಿದ್ದಿತು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ, ಪಂಪನನ್ನು ಕುರಿತ ಮುನ್ನೂರು ಪುಟಗಳ ಪ್ರಬಂಧವೂ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ತನ್ನದೇ ಆದ ಸ್ಥಾನವಿದೆ. ಹಳೆಯ ಬರಹಗಳನ್ನು ಅದಕ್ಕೆ ಪರಿವರ್ತಿಸಬೇಕು, ಪರಿವರ್ತಕಗಳೂ ಇವೆ. ತೊಡಕು ಇರುವುದು ಆಮೇಲೆ.

ಅರ್ಕಾವತ್ತನ್ನು ನಾವು ಉಚ್ಚರಿಸುವುದು ಮೊದಲು, ಬರೆಯುವುದು ಆಮೇಲೆ. ಹಳೆಯ ಫಾಂಟುಗಳು ಕಣ್ಣಿನ ಕ್ರಮವನ್ನು ಅನುಸರಿಸುತ್ತಿದ್ದುವು, ಯೂನಿಕೋಡ್ ಕಿವಿಯ ಕ್ರಮವನ್ನು ಅನುಸರಿಸುತ್ತದೆ. ಅಲ್ಲದೆ ಅರ್ಕಾವತ್ತಿನ ಗುರುತು ನಮ್ಮ ಒಂಬತ್ತರ ಅಂಕಿಯನ್ನು ಹೋಲುತ್ತದೆ. ಹೀಗಾಗಿ ‘ಧರ್ಮ’ವು ‘ಧಮ೯’ವಾಗಿಯೂ ‘ಕಾರ್ಯ’ವು ‘ಕಾಯ೯’ವಾಗಿಯೂ ಹೊರಬರುವುದುಂಟು. ಒಂಬತ್ತುಗಳನ್ನೆಲ್ಲ ಒಂದೇ ಆಜ್ಞೆಯಿಂದ ಅರ್ಕಾವತ್ತಾಗಿ ಮಾಡಿಬಿಡಬಹುದಲ್ಲ ಎಂದರೆ, ‘೧೯೫೬’ ಎಂಬ ಇಸವಿ ‘ರ್೧೫೬’ ಆಗಿ ಕುಳಿತಿರುತ್ತದೆ! ಯಾವ ಒಂಬತ್ತು ಅಂಕಿ, ಯಾವುದು ರೇಫ ಎಂಬುದನ್ನು ನಿರ್ಣಯಿಸಲು ಯಂತ್ರದ ಆಜ್ಞೆಯ ಸ್ವಭಾವವೂ ತಿಳಿದಿರಬೇಕು, ಕನ್ನಡವೂ ತಿಳಿದಿರಬೇಕು. ಹಳಗನ್ನಡದ ಉದ್ಧರಣೆಗಳಿರುವ ಪುಟದಲ್ಲಿ ಕನ್ನಡ ಬಾರದ ಅಡ್ಮಿನ್ನಿಗೂ ಯಂತ್ರ ತಿಳಿಯದ ಪಂಡಿತರಿಗೂ ಕೈಕಟ್ಟಿ ನಿಲ್ಲುವುದೇ ಗತಿ.

ಯೂನಿಕೋಡಿನ ಪಟ್ಟಿಯಲ್ಲಿಯೇ ನಮ್ಮ ‘ೞ’ ಕಾರಕ್ಕೆ ‘ಕನ್ನಡ ಅಕ್ಷರ ಫ’ ಎಂದು ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿಯ ನಿಯಮವಾದುದರಿಂದ, ತಪ್ಪನ್ನು ಹಾಗೆಯೇ ಉಳಿಸಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಅಳಿಸದೆ ಟಿಪ್ಪಣಿ ಬರೆದರಲ್ಲ, ಅಷ್ಟರಮಟ್ಟಿಗೆ ಅವರು ಒಳ್ಳೆಯ ಸಂಪಾದಕರು. ಕೇಶಿರಾಜನ ಬಳಿ ಇದನ್ನು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ನನ್ನ ಕೋರಿಕೆ ದೊಡ್ಡದಲ್ಲ. ಸರ್ವರಿಗೆ ಏನಾಯಿತು, ಏನನ್ನು ಓದಿದೆವು, ಏನನ್ನು ಬದಲಿಸಿದೆವು ಎಂಬುದನ್ನು ಪ್ರತಿಯೊಂದು ಕಾಲೇಜಿನ ಕನ್ನಡ ವಿಭಾಗವೂ ಕನ್ನಡದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡಲಿ. ನಮ್ಮಲ್ಲಿ ಅಂಥದೊಂದು ಇದೆ. ಅದರಲ್ಲಿ ‘ಐನೋಡ್’ ಎಂಬುದು ಐನೋಡಾಗಿಯೇ ಇದೆ, ಪದಕ್ಕಾಗಿ ಕೆಲಸವನ್ನು ನಿಲ್ಲಿಸಿಲ್ಲ. ಹಾಗೆಯೇ ಎಂ.ಎ. ತರಗತಿಯ ಗ್ರಂಥಸಂಪಾದನೆಯ ಪತ್ರಿಕೆಯಲ್ಲಿ, ಓಲೆಗರಿಯ ಪಾಠದ ಜೊತೆಗೆ, ಹಳೆಯ ‘ನುಡಿ’ಯಲ್ಲಿ ಬೆರಳಚ್ಚಾದ ನಲವತ್ತು ಪುಟಗಳ ಕಡತವೊಂದನ್ನು ಒಬ್ಬೊಬ್ಬ ವಿದ್ಯಾರ್ಥಿಗೂ ಕೊಡಲಿ. ಅವನು ಮೊದಲು ನಕಲು ತೆಗೆದಿಟ್ಟು, ಅದನ್ನು ಪರಿವರ್ತಿಸಿ, ಒಂಬತ್ತುಗಳನ್ನು ಒಂದೊಂದಾಗಿ ವಿಚಾರಿಸಿ, ತಿದ್ದುಪಡಿಗಳ ಪಟ್ಟಿಯೊಡನೆ ಒಪ್ಪಿಸಲಿ. ಇದಕ್ಕೆ ಒಂದು ತಿಂಗಳ ಅವಧಿ ಸಾಕು. ಕಡತಗಳಿಗಂತೂ ಯಾವ ವಿಭಾಗದಲ್ಲಿಯೂ ಕೊರತೆಯಾಗಲಾರದು.